ಓದುಗರ ಸ್ಪಂದನ: ಎಂಟು ಜನಕ್ಕೊಂದು ಮೈಕ್ರೋಸ್ಕೋಪು, ಬಿಎಸ್ಸಿ ಬಿಡಲೇ?

ಕಳೆದ ಸಂಚಿಕೆಯಲ್ಲಿ ಡೊಂಬಿವಲಿಯ ಓದುಗಿಯೊಬ್ಬರು ಬರೆದಿದ್ದರು. ಹತ್ತನೆಯವರೆಗೆ ಕನ್ನಡ ಮಾಧ್ಯಮ. ನೀಟ್‌ನಲ್ಲಿ ಸೀಟು ಸಿಗಲಿಲ್ಲ. ಈಗ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ, ಎರಡನೆಯ ವರ್ಷ. ತರಗತಿಯಲ್ಲಿ ನೂರಕ್ಕೂ ಹೆಚ್ಚು ಜನ, ಪ್ರಾಕ್ಟಿಕಲ್‌ನಲ್ಲಿ ಎಂಟು ಜನಕ್ಕೊಂದು ಮೈಕ್ರೋಸ್ಕೋಪು. “ಬಿಎಸ್ಸಿ ಬಿಟ್ಟು ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಡಿಎಂಎಲ್‌ಟಿಗೆ ಸೇರು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ನನಗೆ ಈ ವಿಷಯ ಇಷ್ಟ. ಆದರೆ ಇಲ್ಲಿ ಏನಾದರೂ ಕಲಿಯುತ್ತಿದ್ದೇನೆಯೇ ಎಂಬುದೇ ಗೊತ್ತಾಗುತ್ತಿಲ್ಲ. ಬಿಡಲೇ?” ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಮುಲುಂಡ್‌ನಿಂದ, ಹೆಸರು ಬೇಡ ಎಂದಿದ್ದಾರೆ

ಮಗಳೇ, ನಿನ್ನ ಕಾಗದ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನು ಪ್ರಾಣಿಶಾಸ್ತ್ರದಲ್ಲಿ ಬಿಎಸ್ಸಿ ಮುಗಿಸಿದ್ದು 1982ರಲ್ಲಿ. ಅಪ್ಪ ಪರೇಲಿನ ಗಿರಣಿಯೊಂದರ ಕ್ಯಾಂಟೀನಿನಲ್ಲಿದ್ದರು. ಆ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ ಶುರುವಾಯಿತು. ಗಿರಣಿ ನಿಂತಿತು, ಕ್ಯಾಂಟೀನಿನ ಒಲೆಯೂ ಆರಿತು. ಎಂಎಸ್ಸಿ ಪಟ್ಟಿಯಲ್ಲಿ ನನ್ನ ಹೆಸರು ಬಂದಿತ್ತು. ಫೀಸು ಕಟ್ಟುವ ಕೊನೆಯ ದಿನ ಅಮ್ಮ ತಲೆಯೆತ್ತದೆ ಅಕ್ಕಿ ಆರಿಸುತ್ತ ಕೂತಿದ್ದರು. ಯಾರೂ ಬೇಡ ಅನ್ನಲಿಲ್ಲ. ನಿನಗೆ ಬೇಕಾ ಅಂತ ಯಾರೂ ಕೇಳಲೂ ಇಲ್ಲ. ತಮ್ಮಂದಿರು ಓದಬೇಕಿತ್ತು. ನಾನು ಫೋರ್ಟಿನ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿ ಸೇರಿದೆ, ಅಲ್ಲಿಂದಲೇ ನಿವೃತ್ತಿಯಾದೆ.

ಮೈಕ್ರೋಸ್ಕೋಪಿನ ಮುಂದೆ ಸಾಲು ನಮ್ಮ ಕಾಲದಲ್ಲೂ ಇತ್ತು. ಈರುಳ್ಳಿ ಬೇರಿನ ಪ್ರಾಕ್ಟಿಕಲ್ ನಿನಗೂ ಆಗಿರಬೇಕು. ಆಸಿಡ್ಡಿನಲ್ಲಿ ಮೆತ್ತಗಾದ ಬೇರಿನ ತುದಿಗೆ ಅಸಿಟೋಕಾರ್ಮಿನ್ ಬಣ್ಣ ಬಿಟ್ಟು, ಕುದಿಯದ ಹಾಗೆ ಸ್ಪಿರಿಟ್ ದೀಪದ ಬಿಸಿ ತೋರಿಸಿ, ಕವರ್‌ಸ್ಲಿಪ್ ಇಟ್ಟು, ಬ್ಲಾಟಿಂಗ್ ಪೇಪರಿನ ಮೇಲಿಂದ ಹೆಬ್ಬೆರಳಲ್ಲಿ ಒತ್ತಬೇಕು. ಬೆರಳು ಚೂರು ಜರುಗಿದರೂ ಕೋಶಗಳೆಲ್ಲ ಕಲಸಿಹೋಗುತ್ತವೆ. ನನ್ನ ಸ್ಲೈಡಿನಲ್ಲಿ ಒಂದು ಕೋಶ ವಿಭಜನೆಯ ನಡುವಿನ ಹಂತವಾದ ಮೆಟಾಫೇಸಿನಲ್ಲೇ ಸಿಕ್ಕಿತ್ತು. ಕೆಂಪು ಕ್ರೋಮೋಸೋಮುಗಳು ನಟ್ಟನಡುವೆ ಬಂದು ನಿಂತಿದ್ದವು. ಈರುಳ್ಳಿಗೆ 16 ಇರುತ್ತವೆ. ಎಣಿಸಲು ಬಿಡಲಿಲ್ಲ, ಹಿಂದಿನವರು ತಳ್ಳುತ್ತಿದ್ದರು. ಆದರೂ ನಾನು ಕಂಡೆ. ನಾನು ಮಾಡಿದ ಸ್ಲೈಡಿನಲ್ಲಿ ಕಂಡೆ.

ಶುಲ್ಕ ವಿನಾಯಿತಿ, ವಿದ್ಯಾರ್ಥಿವೇತನ ಅಂತೆಲ್ಲ ಇರುತ್ತದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಹೇಳುವವರಿರಲಿಲ್ಲ. ನಿಮ್ಮ ಮನೆಯಲ್ಲಿ ದುಡ್ಡಿನ ತಾಪತ್ರಯವಿದ್ದರೆ ಕಾಲೇಜಿನ ಆಫೀಸಿನಲ್ಲಿ ಕೇಳು, ಸರ್ಕಾರದ ವಿದ್ಯಾರ್ಥಿವೇತನದ ಜಾಲತಾಣ ಮಹಾಡಿಬಿಟಿಯಲ್ಲಿ ಅರ್ಜಿ ಹಾಕು. ಮುಂದೇನೋ ಎಂಬ ಭಯವಷ್ಟೇ ಆದರೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮಾತಾಡು. “ನನಗೆ ಇದು ಬೇಕು” ಎಂಬ ಮಾತು ನಿನ್ನ ಬಾಯಿಂದಲೇ ಅವರ ಕಿವಿಗೆ ಬೀಳಲಿ.

*ಈ ಪತ್ರವನ್ನು ಮೊಟಕು ಮಾಡಲು ಮನಸ್ಸಾಗಲಿಲ್ಲ. ಥಾಣೆಯಿಂದ ಬಂದದ್ದು ನಾಲ್ಕೇ ಸಾಲು.*

ಥಾಣೆಯ ಓದುಗರು

ಎಂಟು ಜನಕ್ಕೊಂದು ಮೈಕ್ರೋಸ್ಕೋಪು ಎಂದು ದೂರಿದ್ದೀರಿ. ಪ್ರಾಕ್ಟಿಕಲ್ ಮುಗಿದ ಮೇಲೆ ಅದೇ ಮೈಕ್ರೋಸ್ಕೋಪು ಖಾಲಿ ಇರುತ್ತದಲ್ಲ? ಲ್ಯಾಬ್ ಅಟೆಂಡೆಂಟರ ಬಳಿ ಅರ್ಧ ಗಂಟೆ ಕೇಳಿದ್ದೀರಾ? ಮೊದಲು ಕೇಳಿ, ಆಮೇಲೆ ಬಿಡುವ ಮಾತು.

*ಮಾತು ಖಾರವಾದರೂ ಪ್ರಶ್ನೆ ನ್ಯಾಯವಾದದ್ದೇ. ಇನ್ನು, ಹಲವರು ಡಿಎಂಎಲ್‌ಟಿ ಬಗ್ಗೆ ಹಗುರಾಗಿ ಮಾತಾಡಿದ್ದರು. ಆ ಕೆಲಸದಲ್ಲೇ ಇರುವವರ ಮಾತನ್ನೂ ಕೇಳೋಣ.*

ವಾಶಿಯ ಓದುಗರು

ನಾನು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮಳೆಗಾಲ ಬಂದರೆ ಮಲೇರಿಯಾ ಸ್ಮಿಯರ್ (ಗಾಜಿನ ಮೇಲೆ ಸವರಿದ ರಕ್ತ) ನೋಡಿ ನೋಡಿ ಕಣ್ಣು ಉರಿಯುತ್ತದೆ. ಮೆಷಿನ್ ಪ್ಲೇಟ್‌ಲೆಟ್ ಕಡಿಮೆ ತೋರಿಸಿದಾಗ ನಾವು ಸ್ಲೈಡ್ ಹಾಕಿ ನೋಡುತ್ತೇವೆ. ಕೆಲವು ಸಲ ಟ್ಯೂಬಿನೊಳಗೆ ಅವು ಗುಂಪುಗಟ್ಟಿ ಅಂಟಿಕೊಂಡಿರುತ್ತವೆ, ರೋಗಿಯ ರಕ್ತದಲ್ಲಿ ಕಡಿಮೆ ಇರುವುದೇ ಇಲ್ಲ. ಅದನ್ನು ಹಿಡಿಯುವುದೂ ಜೀವಶಾಸ್ತ್ರವೇ. ಯಾರೂ ಇದನ್ನು ಕೀಳೆನ್ನಬೇಡಿ. ಆದರೆ ಇದಕ್ಕಾಗಿ ಡಿಗ್ರಿ ಅರ್ಧಕ್ಕೆ ಬಿಡಬೇಕಾಗಿಲ್ಲ ತಂಗಿ. ಬಿಎಸ್ಸಿ ಆದವರಿಗೆ ಇದರದೇ ಸ್ನಾತಕೋತ್ತರ ಡಿಪ್ಲೊಮಾ ಪಿಜಿಡಿಎಂಎಲ್‌ಟಿ ಇದೆ. ಬಾಗಿಲು ಎಲ್ಲೂ ಓಡಿಹೋಗುವುದಿಲ್ಲ.

ಚೆಂಬೂರಿನಿಂದ, ವಿಜಯಪುರ ಕಡೆಯ ಓದುಗಿ

ತಂಗಿ, ಕನ್ನಡ ಸಾಲ್ಯಾಗ ಕಲ್ತೇನಿ ಅಂತ ಅಂಜಬ್ಯಾಡ. ನಮ್ಮ ಮಗನೂ ಹಂಗ ಕಲ್ತವ. ಪುಸ್ತಕದಾಗಿನ ಚಿತ್ರ ತಗದು, ಹೆಸರು ಮುಚ್ಚಿ, ನೋಡದ ಬರೀತಿದ್ದ. ಮೊದಲನೇ ಸೆಮಿಸ್ಟರ್ ತ್ರಾಸ ಆತು, ಆಮ್ಯಾಲ ಆಗಲಿಲ್ಲ. ಮುಂಜಾನೆ ಏನರ ತಿಂದ ಹೋಗು. ಮತ್ತ ಲೋಕಲ್‌ನಾಗ ಬಾಗಲಕ್ಕ ನಿಂದ್ರಬ್ಯಾಡವ್ವಾ.

*ಭಾಷೆಯ ಬಗ್ಗೆ ಓದುಗಿ ಕೇಳಿರಲಿಲ್ಲ. ಆದರೂ ಈ ಧೈರ್ಯದ ಮಾತು ಅವರನ್ನು ಮುಟ್ಟಲಿ.*

ಕಲೀನಾದ ಎಂಎಸ್ಸಿ ವಿದ್ಯಾರ್ಥಿನಿ

ಇಳಿತದ ಹೊತ್ತು ನೋಡಿಕೊಂಡು ಬಾಂದ್ರಾದ ಕಾರ್ಟರ್ ರೋಡಿನ ಬಂಡೆಗಳ ಹತ್ತಿರ ಹೋಗು. ಕಲ್ಲಿಗೆ ಚಿಪ್ಪಿನಂತೆ ಅಂಟಿರುವ ಬಾರ್ನಕಲ್ ಎಂಬ ಜೀವಿ ಏಡಿ, ಸಿಗಡಿಗಳ ಬಳಗದ್ದು ಎಂದು ಪುಸ್ತಕದಲ್ಲಿ ಓದಿದ್ದೆ. ನೀರು ತುಂಬಿದ ಗುಂಡಿಯಲ್ಲಿ ಅದು ಕಾಲು ಹೊರಚಾಚಿ ಆಹಾರ ಬಾಚಿಕೊಳ್ಳುವುದನ್ನು ನೋಡಿದ ಮೇಲೆ ಮತ್ತೆ ಬಾಯಿಪಾಠ ಮಾಡಬೇಕಾಗಲಿಲ್ಲ. ಒಬ್ಬಳೇ ಹೋಗಬೇಡ, ಬಂಡೆ ಜಾರುತ್ತದೆ.

*ಕೊನೆಯ ಪತ್ರ ಪುಣೆಯದು. ಓದುಗಿಯ ಜೊತೆ ಅವರ ಮನೆಯವರೂ ಇದನ್ನು ಓದಿದರೆ ಒಳ್ಳೆಯದು.*

ಪುಣೆಯ ನಿವೃತ್ತ ಸಂಶೋಧಕರು

ನನ್ನ ಊರು ಸಾಗರದ ಕಡೆ. 1957ರಲ್ಲಿ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೂ ಜ್ವರ ಬಂದಾಗ ಆ ವೈರಸ್ಸನ್ನು ಪತ್ತೆ ಹಚ್ಚಿದ್ದು ಪುಣೆಯ ವೈರಸ್ ರಿಸರ್ಚ್ ಸೆಂಟರ್. 1952ರಲ್ಲಿ ಶುರುವಾದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಎನ್‌ಐವಿ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಕಾಡಿನ ನೆಲದ ಮೇಲೆ ಬಟ್ಟೆ ಎಳೆದು, ಅಂಟಿದ ಉಣುಗುಗಳನ್ನು ಹೆಕ್ಕಿ, ಯಾವುದು ಯಾವ ಪ್ರಭೇದ ಎಂದು ಒಂದೊಂದಾಗಿ ಬೇರ್ಪಡಿಸುವ ತಾಳ್ಮೆ ಇದ್ದವರಿಂದಲೇ ಹೆಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗಿನ ಪಾತ್ರ ತಿಳಿದದ್ದು. ನೀನು ಬೇಸರದಿಂದ ಉರುಹೊಡೆಯುವ ವರ್ಗೀಕರಣದ ಪಾಠಕ್ಕೆ ಕಾಡಿನಲ್ಲಿರುವ ಕೆಲಸ ಇದು.

ದೊಡ್ಡ ವಿಶ್ವವಿದ್ಯಾಲಯದಲ್ಲಿ ಯಾರೂ ಕೈ ಹಿಡಿದು ಕರೆದೊಯ್ಯುವುದಿಲ್ಲ, ಅದು ನಿಜ. ಆದ್ದರಿಂದ ನೀನೇ ಹೊರಡಬೇಕು. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಎರಡು ತಿಂಗಳು ನಿಜವಾದ ಲ್ಯಾಬಿನಲ್ಲಿ ಕೆಲಸ. ಎಂಎಸ್ಸಿಗೆ ಐಐಟಿಗಳು ನಡೆಸುವ ಜ್ಯಾಮ್ ಪ್ರವೇಶ ಪರೀಕ್ಷೆ ಇದೆ. ಹೊಸ ಶಿಕ್ಷಣ ನೀತಿಯಲ್ಲಿ ಮೂರು ವರ್ಷಕ್ಕೆ ಪದವಿ, ನಾಲ್ಕನೆಯ ವರ್ಷ ಆನರ್ಸ್. ನಾಲ್ಕು ವರ್ಷದ ಪದವಿಯಲ್ಲಿ 75 ಶೇಕಡ ಬಂದರೆ ನೇರ ಪಿಎಚ್‌ಡಿಗೂ ಅರ್ಜಿ ಹಾಕಬಹುದು. ಮುಂಬಯಿಯಲ್ಲೇ ಮೂಲ ವಿಜ್ಞಾನ ಸಂಶೋಧನೆಯ ಟಿಐಎಫ್‌ಆರ್, ಪರೇಲಿನಲ್ಲಿ ವೈದ್ಯಕೀಯ ಸಂಶೋಧನೆಯ ಹಾಫ್ಕಿನ್ ಸಂಸ್ಥೆ, ವರ್ಸೋವಾದಲ್ಲಿ ಮೀನುಗಾರಿಕೆ ಶಿಕ್ಷಣದ ಸಿಐಎಫ್‌ಇ ಇವೆ.

ಲ್ಯಾಬಿನವರಿಗೆ ಬರೆಯುವಾಗ ಅವರ ಒಂದು ಪ್ರಬಂಧವನ್ನಾದರೂ ಓದು. ತಿಳಿಯದ ಜಾಗ ಯಾವುದು ಎಂದು ನೇರವಾಗಿ ಕೇಳು. ಒಂದೇ ಇಮೇಲನ್ನು ಐವತ್ತು ಜನಕ್ಕೆ ಕಳಿಸಿದರೆ ಯಾರೂ ತೆರೆಯುವುದಿಲ್ಲ. ಮೊದಲ ಇಮೇಲ್ ಬರೆದು ನನಗೆ ತೋರಿಸು, ತಿದ್ದಿಕೊಡುತ್ತೇನೆ.

*ಇವರ ವಿಳಾಸವನ್ನು ಅವರ ಒಪ್ಪಿಗೆ ಪಡೆದು ಡೊಂಬಿವಲಿಯ ಓದುಗಿಗೆ ತಲುಪಿಸಿದ್ದೇವೆ. ಅಕಾಡೆಮಿಗಳ ಅರ್ಜಿ ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಬರುತ್ತದೆ, ಈಗಿನಿಂದಲೇ ಗಮನವಿರಲಿ. ಓದುಗಿಯ ತಂದೆ ತಾಯಿ ಏನಾದರೂ ಹೇಳಬಯಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿರಿಸಿದ್ದೇವೆ.*