ಕಾರ್ಡ್‌ಗೆ ಕನ್ನಡದಲ್ಲಿ ಏನಂತೀರಿ? (ಯುಕುಲೇಲೆ, ಬಾಲಿ ಸ್ವರಗಳು, ಮತ್ತೆ ನನ್ನ ಗೋಳು)

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳು ಯುಕುಲೇಲೆ (ಪುಟ್ಟ ಗಿಟಾರಿನಂಥ ನಾಲ್ಕು ತಂತಿಯ ವಾದ್ಯ) ತಗೊಂಡಿದ್ದಾಳೆ, ಅವಳಿಗೆ ಕನ್ನಡದಲ್ಲೇ ನಾಲ್ಕು ಪುಟ ಪಾಠ ಬರೆದುಕೊಡೋಣ ಅಂತ ಕೂತೆ, ಮೊದಲನೇ ಸಾಲಲ್ಲೇ ಸಿಕ್ಕಾಕ್ಕೊಂಡೆ. ಬರೆದಿದ್ದು ಇಷ್ಟು: "ಈ ಸ್ಕೇಲಿನಿಂದ ಮೂರು ಕಾರ್ಡ್ ಮಾಡಬಹುದು." ಅಕ್ಕ ಓದಿ, ಇದೇನು ರಟ್ಟು ಕತ್ತರಿಸೋ ಪಾಠಾನಾ ಅಂದ್ಲು. ನಾನು ಹೇಳಿದ್ದು ಸಂಗೀತದ ಸ್ಕೇಲು, ಅಂದ್ರೆ ಸ್ವರಗಳ ಸಾಲು, ಮತ್ತೆ ಕಾರ್ಡ್ (chord), ಅಂದ್ರೆ ಒಟ್ಟಿಗೆ ನುಡಿಸೋ ಕೆಲವು ಸ್ವರ. ಅವಳದ್ದೇನೂ ತಪ್ಪಿಲ್ಲ ಬಿಡಿ, ನಮಗೆ ಸ್ಕೇಲು ಅಂದ್ರೆ ಗೆರೆ ಎಳೆಯೋದು, ಕಾರ್ಡು ಅಂದ್ರೆ ರೇಷನ್ ಕಾರ್ಡು. ಸುಗಮ ಸಂಗೀತದವರನ್ನ ಸ್ಕೇಲ್ ಯಾವುದು ಅಂತ ಕೇಳಿದ್ರೆ ಶ್ರುತಿ ಹೇಳ್ತಾರೆ, ಅದು ಇನ್ನೊಂದು ಕಥೆ.

ನಾನು ಹೇಳ್ತಿರೋ ಸ್ಕೇಲು, ಪಾಶ್ಚಾತ್ಯರ ಪಟ್ಟಿಗಳಲ್ಲಿ 'ಬಾಲಿನೀಸ್' (ಇಂಡೋನೇಷ್ಯಾದ ಬಾಲಿ ದ್ವೀಪದ್ದು) ಅಂತ ಬರೋದು. ಸಿ, ಡಿ ಫ್ಲಾಟ್, ಇ ಫ್ಲಾಟ್, ಜಿ, ಎ ಫ್ಲಾಟ್. ನಮ್ಮ ಲೆಕ್ಕಕ್ಕೆ ತಂದ್ರೆ ಷಡ್ಜ, ಶುದ್ಧ ರಿಷಭ, ಸಾಧಾರಣ ಗಾಂಧಾರ, ಪಂಚಮ, ಶುದ್ಧ ಧೈವತ, ಅಂದ್ರೆ ಭೂಪಾಳ! ಹಿಂದೂಸ್ತಾನಿಯ ಭೂಪಾಲ ತೋಡಿ (ಭೂಪಾಲಿ ಅಲ್ಲ, ಅದು ನಮ್ಮ ಮೋಹನ). ಆದ್ರೂ 'ಭೂಪಾಳದ ಕಾರ್ಡ್' ಅಂತ ಬರೆಯೋಕೆ ಕೈ ಬರಲ್ಲ. ಬಾಲಿಯವರದ್ದು ಪೆಲೋಗ್ ಅನ್ನೋ ಏಳು ಸ್ವರದ ಸಾಲು, ಅದರಿಂದ ಐದು ಆರಿಸಿಕೊಳ್ಳೋ ಸೆಲಿಸಿರ್ ಅನ್ನೋ ಬಗೆಗೆ ಈ ಪಟ್ಟಿ ಸುಮಾರಾಗಿ ಹತ್ತಿರ ಬರುತ್ತೆ ಅಷ್ಟೇ, ಯಾಕಂದ್ರೆ ಅಲ್ಲಿ ಒಂದೊಂದು ಗಾಮೆಲಾನಿಗೂ (ಕಂಚಿನ ವಾದ್ಯಗಳ ತಂಡಕ್ಕೂ) ಅದರದ್ದೇ ಶ್ರುತಿ, ಪಕ್ಕದೂರಿನ ಕಂಚಿನ ಪಟ್ಟಿ ತಂದು ಇಲ್ಲಿ ಕೂರಿಸಿದ್ರೆ ಹೊಂದಲ್ಲ. ಸ್ವರಗಳ ಹೆಸರು ಮಾತ್ರ ಮುದ್ದಾಗಿವೆ: ಡಿಂಗ್ ಡೊಂಗ್ ಡೆಂಗ್ ಡುಂಗ್ ಡಾಂಗ್. ಸ್ಕೇಲಿಗೆ ಸದ್ಯಕ್ಕೆ 'ಸ್ವರಶ್ರೇಣಿ' ಅಂತ ಹಾಕಿದ್ದೀನಿ, ಫ್ರೆಟ್‌ಗೆ ವೀಣೆಯವರ 'ಮೆಟ್ಟಿಲು' ಸಿಕ್ತು, ಅಲ್ಲಿ ತಕರಾರಿಲ್ಲ.

ತಕರಾರಿರೋದು ಕಾರ್ಡ್ ಹತ್ರ. 'ಸ್ವರಮೇಳ' ಅಂತ ಕೆಲವರು ಬರೀತಾರೆ. ನನಗೆ ಒಪ್ಪಿಗೆಯಿಲ್ಲ. ರಾಮಾಮಾತ್ಯ 1550ರಲ್ಲೇ ತನ್ನ ಗ್ರಂಥಕ್ಕೆ ಸ್ವರಮೇಳಕಲಾನಿಧಿ ಅಂತ ಹೆಸರಿಟ್ಟ, ಅಲ್ಲಿ ಮೇಳ ಅಂದ್ರೆ ರಾಗಗಳಿಗೆ ಆಧಾರವಾದ ಸ್ವರಗಳ ಜೋಡಣೆ, ಅಂದ್ರೆ ಹೆಚ್ಚುಕಮ್ಮಿ ಸ್ಕೇಲೇ! ಆ ಪದಾನ ತಗೊಂಡು ಕಾರ್ಡ್‌ಗೆ ಹಚ್ಚಿದ್ರೆ ಸಂಗೀತ ಗೊತ್ತಿರೋರಿಗೇ ಮೊದಲು ಗೊಂದಲ. ಇನ್ನು 'ತಂತಿ' ಸೇರಿಸಿ ಪದ ಕಟ್ಟೋಣ ಅಂದ್ರೆ ಅದೂ ಅಡ್ಡದಾರಿ, ಇಂಗ್ಲಿಷಿನ ಈ ಕಾರ್ಡ್ ಹುಟ್ಟಿದ್ದು 'ಅಕಾರ್ಡ್' ಮೊಟಕಾಗಿ, ಅಂದ್ರೆ ಒಪ್ಪಿಗೆ, ಹೊಂದಿಕೆ. ತಂತಿ ಅನ್ನೋ ಅರ್ಥದ ಲ್ಯಾಟಿನ್ ಪದದ ಜೊತೆ ಗೊಂದಲವಾಗಿ ಆಮೇಲೆ ಸ್ಪೆಲಿಂಗ್ ಬದಲಾಯ್ತು. 'ಕೂಡುಸ್ವರ' ನನಗೆ ಇಷ್ಟ, ಆದ್ರೆ ವ್ಯಾಕರಣದವರು ಸಂಧಿ ಅಂದ್ಕೋತಾರೇನೋ. 'ಸ್ವರಗೊಂಚಲು' ಚೆನ್ನಾಗಿದೆ, ಒಂದು ಪುಟದಲ್ಲಿ ಹನ್ನೆರಡು ಸಲ ಬಂದ್ರೆ ದ್ರಾಕ್ಷಿ ತೋಟ ಆಗುತ್ತೆ.

ಬಾಲಿಯವರು ಇದನ್ನ ಹೇಗೆ ಸುಧಾರಿಸಿಕೊಂಡ್ರು ನೋಡಿ. ಗೊಂಗ್ ಕೆಬ್ಯಾರ್ ಅನ್ನೋ ಬಗೆಯ ಗಾಮೆಲಾನಲ್ಲಿ ಇಡೀ ತಂಡ ಒಟ್ಟಿಗೆ ಬಡಿದು ಬಿರಿಯೋ ಒಂದು ಹೊಡೆತ ಇದೆ, ರೆಯೋಂಗ್ ಅನ್ನೋ ಕಂಚಿನ ಬಟ್ಟಲುಗಳ ಸಾಲಿನ ಮುಂದೆ ನಾಲ್ಕು ಜನ ಕೂತು ತಲಾ ಎರಡು ಸ್ವರ ಒಂದೇ ಏಟಿಗೆ ಹೊಡೀತಾರೆ, ಅದರ ಹೆಸರು 'ಬ್ಯಾರ್'. ಬರೀ ಅನುಕರಣ ಶಬ್ದ! ನಮ್ಮಲ್ಲೂ ಅನುಕರಣಕ್ಕೇನು ಬರವೇ? 'ಝಲ್ಲು' ಅಂದ್ರೆ ಹೇಗೆ, 'ಸಿ ಮೈನರ್ ಝಲ್ಲು ಹಿಡಿ' ಅಂತ? ತೀರಾ ತಮಾಷೆ ಆಯ್ತಾ?

ವಾಕ್ಯದಲ್ಲಿ ಹಾಕಿ ನೋಡೋಕೆ ಪಾಠಾನೂ ಕೊಡ್ತೀನಿ. ಜಿ ಸಿ ಇ ಎ ಶ್ರುತಿ, ಜಿ ತಂತಿ ಮೇಲಿನ ಸ್ಥಾಯಿದು. ಒಂದೊಂದು ಅಂಕಿ ಅದೇ ಕ್ರಮದಲ್ಲಿ ಒಂದೊಂದು ತಂತಿಯನ್ನ ಎಷ್ಟನೇ ಮೆಟ್ಟಿಲಲ್ಲಿ ಒತ್ತಬೇಕು ಅನ್ನೋದು, 0 ಅಂದ್ರೆ ಒತ್ತದೆ ಬಿಡೋದು. 0333 ಹಿಡಿದ್ರೆ ಸಿ ಮೈನರ್ ಅನ್ನೋ ಕಾರ್ಡ್. ಇ ತಂತಿ ಮೇಲಿನ ಬೆರಳು ಒಂದು ಮೆಟ್ಟಿಲು ಮುಂದಕ್ಕೆ ಸರಿಸಿ 0343 ಮಾಡಿದ್ರೆ ಎ ಫ್ಲಾಟ್ ಮೇಜರ್ ಸೆವೆನ್, ಪಂಚಮ ಧೈವತ ಪಕ್ಕಪಕ್ಕ ಉಜ್ಜಿಕೊಂಡು ಬಾಲಿಯ ವಾಸನೆ ಬರೋದು ಇಲ್ಲೇ. ಕಿರುಬೆರಳು ಜಿ ತಂತಿಯ ಐದನೇ ಮೆಟ್ಟಿಲಿಗೆ ಹೋದ್ರೆ 5343, ಎ ಫ್ಲಾಟ್ ಮೇಜರ್. ಪಾಪ ರಿಷಭಕ್ಕೆ ಮೂರರಲ್ಲೂ ಜಾಗ ಇಲ್ಲ, ಅದನ್ನ ಬಿಡಿಯಾಗಿ ಮೀಟಬೇಕು.

ಇನ್ನೊಂದು ಪದಾನೂ ಬೇಕು. ಬಾಲಿಯಲ್ಲಿ ವಾದ್ಯಗಳನ್ನ ಜೋಡಿಯಾಗಿ ಮಾಡಿ ಬೇಕಂತಲೇ ಒಂದನ್ನ ಕೂದಲೆಳೆ ತಗ್ಗಿಸಿ ಇನ್ನೊಂದನ್ನ ಏರಿಸ್ತಾರೆ, ಎರಡೂ ಕೂಡಿದಾಗ ನಾದ ಅಲುಗಾಡುತ್ತೆ, ಅದಕ್ಕೆ 'ಓಂಬಾಕ್', ಅಲೆ, ಅಂತಾರೆ. ಯುಕುಲೇಲೆ ಮೇಲೂ ಆಗುತ್ತೆ: 0333ರಲ್ಲಿ ಜಿ ತಂತಿ, ಇ ತಂತಿ ಎರಡೂ ನುಡಿಯೋದು ಒಂದೇ ಪಂಚಮ, ಜಿ ತಂತೀನ ಒಂಚೂರು ಸಡಿಲಿಸಿ ಮೀಟಿ ನೋಡಿ. ನಮ್ಮಲ್ಲಿ ಇದಕ್ಕಿರೋದು ಬೈಗುಳ ಮಾತ್ರ, 'ಶ್ರುತಿ ಸೇರಿಲ್ಲ' ಅಂತ. ತಂಬೂರಿಯ ಜೀವಾಳ ಬೇರೆ ಸಂಗತಿ, ಅದು ಒಂದೇ ತಂತಿಯ ಝೇಂಕಾರ. ಸುಮ್ಮನೆ 'ಅಲೆ' ಅಂತಲೇ ಬರೆದುಬಿಡಲಾ, ಇಲ್ಲಾ ವಾದ್ಯ ಮಾಡೋರ ಬಾಯಲ್ಲಿ ಇದಕ್ಕೆ ಏನಾದ್ರೂ ಮಾತು ಕೇಳಿದ್ದೀರಾ? ಪಾಠ ಭಾನುವಾರಕ್ಕಿದೆ, ಅವಳಂತೂ ಆಗಲೇ ಎಲ್ಲದಕ್ಕೂ 'ಆ ಝಲ್ ಇನ್ನೊಂದ್ಸಲ' ಅಂತ ಶುರು ಮಾಡಿದ್ದಾಳೆ.