40 ಮೀಟರ್ ಆಚೆ ವಾಲ್ವ್ ತೆರೆದ ಕೂಡಲೇ ಬೋರ್ಡ್ ರೀಸ್ಟಾರ್ಟ್: ಯಾವ ಕೇಬಲ್, ಯಾವ ಕನೆಕ್ಟರ್ ಹಾಕಲಿ?

ತಿಕೋಟಾ_ದ್ರಾಕ್ಷಿ:
ಎಲ್ಲರಿಗೂ ನಮಸ್ಕಾರ. ವಿಜಯಪುರ ಜಿಲ್ಲೆಯ ತಿಕೋಟಾ ಬಳಿ ನಮ್ಮ ದ್ರಾಕ್ಷಿ ತೋಟವಿದೆ. ಹನಿ ನೀರಾವರಿಯ ಎರಡು ವಾಲ್ವ್‌ಗಳನ್ನು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಿಂದ ನಡೆಸಲು ಹೊರಟಿದ್ದೇನೆ. ಸೋಲಾರ್ ಪ್ಯಾನೆಲ್, ಬ್ಯಾಟರಿ ಶೆಡ್ಡಿನಲ್ಲಿವೆ. ಅಲ್ಲಿಂದ 40 ಮೀಟರ್ ಆಚೆ ವಾಲ್ವ್‌ಗಳ ಪಕ್ಕದ ಡಬ್ಬಿಯಲ್ಲಿ ಬೋರ್ಡ್, ವಾಲ್ವ್ ಆನ್-ಆಫ್ ಮಾಡುವ ರಿಲೇ ಮತ್ತು ವೋಲ್ಟೇಜನ್ನು 5ಕ್ಕೆ ಇಳಿಸುವ ಎಲ್‌ಎಂ2596 ಮಾಡ್ಯೂಲ್ ಇವೆ. ನಡುವೆ ಎಳೆದಿರುವುದು ನೆಟ್‌ವರ್ಕ್ ಕೇಬಲ್, ಅದರ ಒಂದು ಜೋಡಿ ತಂತಿಯಲ್ಲಿ ವಿದ್ಯುತ್ ಕೊಟ್ಟಿದ್ದೇನೆ. ಬ್ಯಾಟರಿಯ ಬಳಿ 12.4 ವೋಲ್ಟ್ ಇದೆ. ಪ್ರತಿ ವಾಲ್ವಿನ ಕಾಯಿಲ್ (ವಾಲ್ವ್ ತೆರೆಯುವ ತಂತಿಸುರುಳಿ) 24 ಓಮ್.

ಮನೆಯಲ್ಲಿ ಮೇಜಿನ ಮೇಲೆ ಎಲ್ಲವೂ ಸರಿಯಾಗಿ ನಡೆಯಿತು. ತೋಟದಲ್ಲಿ ಮಾತ್ರ ಮೊದಲ ವಾಲ್ವ್ ತೆರೆಯುತ್ತದೆ, ಎರಡನೆಯದರ ರಿಲೇ ಆನ್ ಆದ ಕೂಡಲೇ ಬೋರ್ಡ್ ರೀಸ್ಟಾರ್ಟ್ ಆಗುತ್ತದೆ. ಮಣ್ಣಿನ ಉಷ್ಣತೆ ಅಳೆಯುವ ಡಿಎಸ್18ಬಿ20 ಸೆನ್ಸರ್ ಆಗಾಗ -127 ಎಂದು ತೋರಿಸುತ್ತದೆ. ಬೋರ್ಡ್ ಬದಲಿಸಿದರೂ ಅದೇ ತೊಂದರೆ. ಅಕ್ಟೋಬರ್ ಚಾಟ್ನಿಗೆ (ಬಳ್ಳಿ ಸವರುವ ಕೆಲಸಕ್ಕೆ) ಮೊದಲು ಇದು ಸರಿಯಾಗಬೇಕು. ದಯವಿಟ್ಟು ದಾರಿ ತೋರಿಸಿ.

ಉದ್ಯಮಬಾಗ್_ವೈರಿಂಗ್:
ಬೋರ್ಡನ್ನು ಬಿಡಿ ಸರ್, ಅದರ ತಪ್ಪಿಲ್ಲ. ಲೆಕ್ಕ ಹಾಕೋಣ. ನೆಟ್‌ವರ್ಕ್ ಕೇಬಲಿನ ಒಂದು ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 84 ಓಮ್ ರೋಧ. ಕರೆಂಟ್ ಹೋಗಿ ಬರಬೇಕಾದ್ದರಿಂದ ನಿಮ್ಮ 40 ಮೀಟರ್ ಎಂದರೆ 80 ಮೀಟರ್ ತಂತಿ, ಅಂದರೆ 6.7 ಓಮ್. ಎರಡೂ ಕಾಯಿಲ್‌ಗಳು ಸಮಾಂತರವಾಗಿ ಸೇರಿದಾಗ 12 ಓಮ್. ಹೀಗಾಗಿ 12.4 ವೋಲ್ಟಿನಲ್ಲಿ ವಾಲ್ವ್‌ಗಳಿಗೆ ಸಿಗುವುದು 8 ಮಾತ್ರ, ಉಳಿದದ್ದು ದಾರಿಯಲ್ಲೇ ಕರಗುತ್ತದೆ. ಇದು ಕೆಟ್ಟದ್ದೇ. ಆದರೂ 8 ವೋಲ್ಟ್ ಸಿಕ್ಕರೆ ಎಲ್‌ಎಂ2596 ಬೋರ್ಡನ್ನು ಸಾಕುತ್ತದೆ, ರೀಸ್ಟಾರ್ಟ್ ಆಗಬಾರದಿತ್ತು. ಅದಕ್ಕೇ ನನಗೆ ಕೇಬಲಿನ ಮೇಲೆ ಇನ್ನೊಂದು ಅನುಮಾನವಿದೆ.

ಬೋರ್ಡನ್ನು ಬಿಚ್ಚಿಟ್ಟು ಎರಡೂ ವಾಲ್ವ್‌ಗಳನ್ನು ನೇರವಾಗಿ ಕೇಬಲಿಗೆ ಜೋಡಿಸಿ, ವಾಲ್ವ್ ತೆರೆದಿರುವಾಗಲೇ ಆ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಕರೆಂಟ್ ಹರಿಯದೆ ಇದ್ದಾಗ ಅಳೆದರೆ ಎಂಥ ತೆಳು ತಂತಿಯ ತುದಿಯಲ್ಲೂ 12.4 ಕಾಣಿಸಿ ದಾರಿ ತಪ್ಪಿಸುತ್ತದೆ. ಆಮೇಲೆ ಬ್ಯಾಟರಿ ಕಳಚಿ, ಆ ತುದಿಯ ಎರಡೂ ತಂತಿಗಳನ್ನು ಒಂದಕ್ಕೊಂದು ಹೊಸೆದು, ಶೆಡ್ಡಿನ ತುದಿಯಲ್ಲಿ ಓಮ್ ನೋಡಿ ತಿಳಿಸಿ.

ತಿಕೋಟಾ_ದ್ರಾಕ್ಷಿ:
ಅಳೆದೆ ಅಣ್ಣ. ವಾಲ್ವ್‌ಗಳ ಬಳಿ 6.5 ವೋಲ್ಟ್. ತಂತಿಯ ರೋಧ 10.7 ಓಮ್.

ಉದ್ಯಮಬಾಗ್_ವೈರಿಂಗ್:
ಹಾಗಾದರೆ ಅದು ತಾಮ್ರದ ಕೇಬಲ್ ಅಲ್ಲ. ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಲೇಪನ ಕೊಟ್ಟದ್ದು. ಅಲ್ಯೂಮಿನಿಯಂ ರೋಧ ತಾಮ್ರದ ಸುಮಾರು 1.6 ಪಟ್ಟು, 6.7ನ್ನು 1.6ರಿಂದ ಗುಣಿಸಿದರೆ ನಿಮ್ಮ 10.7 ಬರುತ್ತದೆ. ಒಂದು ತಂತಿಯನ್ನು ಬ್ಲೇಡಿನಿಂದ ಹೆರೆಯಿರಿ, ಒಳಗೆ ಬಿಳಿ ಲೋಹ ಕಾಣುತ್ತದೆ. ಇನ್ನು 6.5 ವೋಲ್ಟ್ ಇರುವ ಕಡೆ ಬೋರ್ಡನ್ನೂ ಜೋಡಿಸಿದಾಗ ಏನಾಗುತ್ತದೆ ನೋಡಿ: ಎಲ್‌ಎಂ2596ಗೆ ಬರುವ ವೋಲ್ಟೇಜ್ ಇಳಿದಷ್ಟೂ ಅದು ಹೆಚ್ಚು ಕರೆಂಟ್ ಎಳೆಯುತ್ತದೆ, ಅದರಿಂದ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ. ಕೊನೆಗೆ ಬೋರ್ಡ್ ಆರುತ್ತದೆ, ವಾಲ್ವ್ ಮುಚ್ಚುತ್ತದೆ, ವೋಲ್ಟೇಜ್ ಏರಿ ಬೋರ್ಡ್ ಮತ್ತೆ ಶುರುವಾಗುತ್ತದೆ.

1.5 ಚದರ ಮಿಲಿಮೀಟರಿನ ಎರಡು ಕೋರ್ ತಾಮ್ರದ ಕೇಬಲ್ ತನ್ನಿ. ಅಂಗಡಿಯಲ್ಲಿ ‘ಒಂದೂವರೆ ಎಂಎಂ’ ಎಂದರೆ ಕೊಡುತ್ತಾರೆ. 80 ಮೀಟರಿಗೆ ರೋಧ ಸುಮಾರು 1 ಓಮ್, ವಾಲ್ವ್‌ಗಳಿಗೆ 11.4 ವೋಲ್ಟ್ ತಲುಪುತ್ತದೆ. ಅಲ್ಲಿಯವರೆಗೆ ಈಗಿರುವ ಕೇಬಲಿನ ನಾಲ್ಕೂ ಜೋಡಿಗಳನ್ನು ಬಳಸಬಹುದು: ಪೂರ್ತಿ ಬಣ್ಣದ ನಾಲ್ಕು ತಂತಿಗಳು ಪ್ಲಸ್‌ಗೆ, ಬಿಳಿ ಪಟ್ಟೆಯ ನಾಲ್ಕು ಮೈನಸ್‌ಗೆ. ರೋಧ ಕಾಲುಭಾಗಕ್ಕೆ ಇಳಿಯುತ್ತದೆ. ಇದು ತಾತ್ಕಾಲಿಕ ಮಾತ್ರ. ಅಲ್ಯೂಮಿನಿಯಂ ತಂತಿ ಬಾಗಿಸಿದ ಕಡೆ ಬೇಗ ಮುರಿಯುತ್ತದೆ, ಸ್ಕ್ರೂ ಕೆಳಗೆ ಸಡಿಲವಾಗುತ್ತದೆ.

ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 3 ಆಂಪಿಯರ್ ಫ್ಯೂಸ್ ಹಾಕುವುದನ್ನು ಖಂಡಿತ ಮರೆಯಬೇಡಿ. ಇಲಿ ಕಡಿದು ಶಾರ್ಟ್ ಆದರೆ ಆ ಫ್ಯೂಸ್ ಒಂದೇ ಕೇಬಲನ್ನೂ ಶೆಡ್ಡನ್ನೂ ಕಾಯುವುದು.

ಬಾಗಲಕೋಟೆ_ಸರ್ಕ್ಯೂಟ್:
ಕೇಬಲ್ ವಿಷಯ ಅಣ್ಣನವರು ಹೇಳಿದ್ದಾರೆ, ನಾನು ಕನೆಕ್ಟರ್ ಬಗ್ಗೆ ಹೇಳುತ್ತೇನೆ. ಡಬ್ಬಿಯೊಳಗೆ ಸೆನ್ಸರನ್ನು ಜಂಪರ್ ವೈರಿನಿಂದ ಸಿಕ್ಕಿಸಿದ್ದೀರಾ? -127 ಎಂಬುದು ಉಷ್ಣತೆಯೇ ಅಲ್ಲ. ಸೆನ್ಸರ್ ಉತ್ತರ ಕೊಡದಿದ್ದಾಗ ಸಾಫ್ಟ್‌ವೇರ್ ಲೈಬ್ರರಿ ಬರೆಯುವ ಸಂಖ್ಯೆ ಅದು. ಆ ಜಂಪರ್‌ಗಳು ಮೇಜಿನ ಮೇಲಿನ ಪರೀಕ್ಷೆಗೆ ಸರಿ, ತೋಟಕ್ಕಲ್ಲ. ಲಾಕ್ ಇಲ್ಲದ್ದರಿಂದ ಅಲುಗಾಡಿ ಸಡಿಲವಾಗುತ್ತವೆ. ಬೋರ್ಡ್ ಕಡೆಗೆ ಜೆಎಸ್‌ಟಿ ಎಕ್ಸ್‌ಎಚ್ ಕನೆಕ್ಟರ್ ಹಾಕಿ. ಪಿನ್‌ಗಳ ಅಂತರ 2.5 ಮಿಲಿಮೀಟರ್, ಹಿಡಿತ ಗಟ್ಟಿ. ಸೆನ್ಸರಿನ ಡೇಟಾ ತಂತಿಗೂ 3.3 ವೋಲ್ಟಿಗೂ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಇದೆಯೇ ನೋಡಿ.

ವಿದ್ಯುತ್ ಮತ್ತು ವಾಲ್ವಿನ ತಂತಿಗಳಿಗೆ ಸ್ಕ್ರೂ ಟರ್ಮಿನಲ್ಲೇ ಒಳ್ಳೆಯದು. ಆದರೆ ಎಳೆಗಳ ತುದಿಗೆ ಬೆಸುಗೆಯ ಸೀಸ (ಸೋಲ್ಡರ್) ಹಚ್ಚಬೇಡಿ. ಅನೇಕರು ಗಟ್ಟಿಯಾಗಲೆಂದು ಹಚ್ಚುತ್ತಾರೆ. ಸ್ಕ್ರೂ ಒತ್ತಡಕ್ಕೆ ಆ ಸೀಸ ನಿಧಾನವಾಗಿ ಹರಡಿ ಕೆಲವೇ ತಿಂಗಳಲ್ಲಿ ಹಿಡಿತ ಬಿಡುತ್ತದೆ. ಪಿನ್ ಥಿಂಬಲ್ (ಎಳೆಗಳ ತುದಿಗೆ ಹಾಕುವ ಲೋಹದ ಕೊಳವೆ) ಹಾಕಿ, ಇಕ್ಕಳದಿಂದ ಒತ್ತಿ ಕ್ರಿಂಪ್ ಮಾಡಿ.

ದ್ರಾಕ್ಷಿ ತೋಟವೆಂದ ಮೇಲೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಸಿಂಪಡಿಸುತ್ತೀರಿ, ಬೂದಿ ರೋಗಕ್ಕೆ ಗಂಧಕವನ್ನೂ ಹೊಡೆಯುತ್ತೀರಿ. ಎರಡೂ ತೆರೆದ ತಾಮ್ರಕ್ಕೆ, ಪಿನ್ನುಗಳಿಗೆ ಶತ್ರು. ಆದ್ದರಿಂದ ಡಬ್ಬಿಯ ಹೊರಗೆ ಯಾವ ಕನೆಕ್ಟರೂ ಬೇಡ. ಕೇಬಲ್‌ಗಳೆಲ್ಲ ಡಬ್ಬಿಯ ತಳದಿಂದ ಗ್ಲ್ಯಾಂಡ್ (ಕೇಬಲನ್ನು ಬಿಗಿಹಿಡಿದು ನೀರು ತಡೆಯುವ ಬಿರಡೆ) ಮೂಲಕ ಒಳಗೆ ಹೋಗಲಿ. ಗ್ಲ್ಯಾಂಡಿಗೆ ಮುನ್ನ ಕೇಬಲ್ ಸ್ವಲ್ಪ ಜೋತು ಬಿದ್ದಿರಲಿ, ಅದರ ಮೇಲೆ ಇಳಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ತಿಕೋಟಾ_ದ್ರಾಕ್ಷಿ:
ಹೆರೆದು ನೋಡಿದೆ, ಒಳಗೆ ಬಿಳಿಯೇ. ಹೊಸ ಒಂದೂವರೆ ಎಂಎಂ ಕೇಬಲನ್ನು ಪೈಪಿನೊಳಗೆ ಎಳೆದು, ಫ್ಯೂಸ್ ಹಾಕಿದ್ದೇನೆ. ಎರಡೂ ವಾಲ್ವ್ ತೆರೆದಾಗ ಡಬ್ಬಿಯ ಬಳಿ 11.2 ವೋಲ್ಟ್ ಇದೆ, ರೀಸ್ಟಾರ್ಟ್ ನಿಂತಿದೆ. ಜೆಎಸ್‌ಟಿ ಹಾಕಿದ ಮೇಲೆ -127 ಕೂಡ ಬಂದಿಲ್ಲ. ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಇನ್ನೊಂದು ಪ್ರಶ್ನೆ: ವಾಲ್ವ್ ಮುಚ್ಚುವಾಗ ರಿಲೇ ಒಳಗೆ ಸಣ್ಣ ಕಿಡಿ ಕಾಣುತ್ತದೆ. ಅದಕ್ಕೆ ಏನು ಮಾಡಲಿ?

ಉದ್ಯಮಬಾಗ್_ವೈರಿಂಗ್:
ಕರೆಂಟ್ ಕಡಿದಾಗ ಕಾಯಿಲ್ ತಾನೇ ಹುಟ್ಟಿಸುವ ಹೆಚ್ಚಿನ ವೋಲ್ಟೇಜ್ ಅದು. ಪ್ರತಿ ಕಾಯಿಲಿನ ಎರಡು ತಂತಿಗಳಿಗೆ ಅಡ್ಡಲಾಗಿ ಒಂದೊಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ. ಬೆಳ್ಳಿ ಗೆರೆ ಇರುವ ಬದಿ ಪ್ಲಸ್‌ಗೆ ಬರಬೇಕು, ತಿರುವುಮುರುವಾದರೆ ಶಾರ್ಟ್ ಆಗಿ ಫ್ಯೂಸ್ ಹೋಗುತ್ತದೆ. ಡಯೋಡನ್ನು ಆದಷ್ಟು ವಾಲ್ವಿನ ಹತ್ತಿರವೇ ಜೋಡಿಸಿ.