ಅಜ್ಜಿ ಬಿದ್ದರೆ ಮನೆಯವರಿಗೆ ತಿಳಿಸುವ ಆ್ಯಪ್: ಮಾಡಿದವರ, ಬಳಸಿದವರ ಅನುಭವ ಬೇಕಾಗಿದೆ

ಕೋರಿಕೆ

ನಮಸ್ಕಾರ. ನಾನು ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ತೀರ್ಥಹಳ್ಳಿಯ ಹತ್ತಿರ ಒಬ್ಬರೇ ಇರುವ ನನ್ನ ಅಜ್ಜಿ ಜಾರಿ ಬಿದ್ದರೆ ಮನೆಯವರಿಗೆ ತಾನಾಗಿಯೇ ಸಂದೇಶ ಕಳುಹಿಸುವ ಆಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇನೆ. ಫೋನನ್ನು ಹಾಸಿಗೆಯ ಮೇಲೆ ಎಸೆದರೆ ಎಚ್ಚರಿಕೆ ಬರುತ್ತದೆ. ನಾನೇ ಗೋಡೆ ಹಿಡಿದು ಚಾಪೆಯ ಮೇಲೆ ಕುಸಿದು ನೋಡಿದರೆ ಬರುವುದಿಲ್ಲ. ಸ್ಕ್ರೀನ್ ಆಫ್ ಆದ ಮೇಲಂತೂ ಏನೂ ದಾಖಲಾಗುವುದಿಲ್ಲ. ತಿಳಿದವರು ದಾರಿ ತೋರಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನಿಮ್ಮ ಆ್ಯಪ್ ಈಗ ಕಂಡುಹಿಡಿಯುತ್ತಿರುವುದು ಫೋನ್ ಬಿದ್ದದ್ದನ್ನು, ಅಜ್ಜಿ ಬಿದ್ದದ್ದನ್ನಲ್ಲ. ನನ್ನ ತಾಯಿಗಾಗಿ ಇಂಥದ್ದೇ ಒಂದನ್ನು ಮಾಡಲು ಹೊರಟಾಗ ನಾನೂ ಮೊದಲು ಇಲ್ಲಿಯೇ ಎಡವಿದ್ದೆ.

ಮೇಜಿನ ಮೇಲೆ ಸುಮ್ಮನೆ ಇಟ್ಟ ಫೋನಿನಲ್ಲಿಯೂ ಆಕ್ಸೆಲೆರೋಮೀಟರಿನ (ವೇಗೋತ್ಕರ್ಷವನ್ನು ಅಳೆಯುವ ಸೆನ್ಸರಿನ) ಮೂರು ಅಕ್ಷಗಳ ಒಟ್ಟು ಪ್ರಮಾಣ ಗುರುತ್ವದಿಂದಾಗಿ ಸುಮಾರು 9.8 ಮೀ/ಸೆ² ಇರುತ್ತದೆ, ಕೈತಪ್ಪಿ ಬೀಳುತ್ತಿರುವಷ್ಟು ಹೊತ್ತು ಅದು ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ, ನೆಲಕ್ಕೆ ಅಪ್ಪಳಿಸಿದಾಗ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ. ನೀವು ಹುಡುಕುತ್ತಿರುವುದು ಬಹುಶಃ ಈ ಸೊನ್ನೆಯನ್ನು. ಆದರೆ ವಯಸ್ಸಾದವರು ಅನೇಕ ಸಲ ಬಾಗಿಲ ಚೌಕಟ್ಟನ್ನೋ ಮಂಚದ ಅಂಚನ್ನೋ ಹಿಡಿದುಕೊಂಡು ಜಾರುತ್ತಾ ಕುಸಿಯುತ್ತಾರೆ. ಅಂಥ ಬೀಳುವಿಕೆಯಲ್ಲಿ ಆ ಸೊನ್ನೆ ಬರುವುದೇ ಇಲ್ಲ. ಆದ್ದರಿಂದ ಮೂರು ಸಂಗತಿಗಳು ಒಂದರ ಹಿಂದೊಂದು ಬರುವುದನ್ನು ನೋಡಿ: ಮೊದಲು ಒಂದು ಕುಲುಕು, ನಂತರ ಫೋನಿನ ಓರೆ ಬದಲಾದದ್ದು, ಆಮೇಲೆ ಕೆಲಕಾಲ ಅಲುಗಾಟವೇ ಇಲ್ಲದಿರುವುದು. ಓರೆಯನ್ನು ತಿಳಿಯಲು ಗುರುತ್ವದ ದಿಕ್ಕನ್ನು ಬೇರ್ಪಡಿಸಬೇಕು. ಹಳೆಯ ಅಂದಾಜಿನ 0.8 ಪಾಲಿಗೆ ಸೆನ್ಸರಿನ ಹೊಸ ಓದಿನ (ಅಳತೆಯ) 0.2 ಪಾಲನ್ನು ಕೂಡಿಸುತ್ತಾ ಹೋಗುವ ಸರಳ ಲೋ-ಪಾಸ್ ಫಿಲ್ಟರ್ (ದಿಢೀರ್ ಏರಿಳಿತಗಳನ್ನು ತಗ್ಗಿಸುವ ಲೆಕ್ಕ) ಆರಂಭಕ್ಕೆ ಸಾಕು. ಕುಲುಕಿಗೆ ಮುಂಚಿನ ದಿಕ್ಕಿಗೂ ನಂತರದ ದಿಕ್ಕಿಗೂ ನಡುವಿನ ಕೋನವನ್ನು ನಾನು 60 ಡಿಗ್ರಿ ಎಂದು ಇಟ್ಟುಕೊಂಡು ಶುರು ಮಾಡಿದ್ದೆ.

ಸೆನ್ಸರನ್ನು ಓದುವ ವೇಗವನ್ನೂ ಒಮ್ಮೆ ನೋಡಿಕೊಳ್ಳಿ. 1 ಮೀಟರ್ ಎತ್ತರದಿಂದ ಬೀಳಲು ಹಿಡಿಯುವ ಸಮಯ ಸುಮಾರು 0.45 ಸೆಕೆಂಡ್. ಆಂಡ್ರಾಯ್ಡಿನ ‘ನಾರ್ಮಲ್’ ವೇಗದಲ್ಲಿ 200 ಮಿಲಿಸೆಕೆಂಡಿಗೆ ಒಂದು ಓದು ಬರುವುದರಿಂದ ಅಷ್ಟರಲ್ಲಿ ನಿಮಗೆ ಸಿಗುವುದು ಎರಡೇ ಓದು, ಅಪ್ಪಳಿಸಿದ ಕ್ಷಣವಂತೂ ಎರಡು ಓದುಗಳ ನಡುವೆ ಕಳೆದೇಹೋಗಬಹುದು. ‘ಗೇಮ್’ ವೇಗವಾದರೆ 20 ಮಿಲಿಸೆಕೆಂಡಿಗೆ ಒಂದು, ಅಂದರೆ ಸೆಕೆಂಡಿಗೆ 50; ಈ ಕೆಲಸಕ್ಕೆ ಅದು ಧಾರಾಳವಾಗಿ ಸಾಕು. ತಿರುಗುವಿಕೆಯನ್ನು ಅಳೆಯುವ ಜೈರೋಸ್ಕೋಪನ್ನು ನೆಚ್ಚಿಕೊಳ್ಳಬೇಡಿ, ಅಗ್ಗದ ಹಲವು ಫೋನುಗಳಲ್ಲಿ ಅದು ಇರುವುದೇ ಇಲ್ಲ. ವೇಗೋತ್ಕರ್ಷವನ್ನು ಎರಡು ಸಲ ಇಂಟಿಗ್ರೇಟ್ ಮಾಡಿ (ಕ್ಷಣಕ್ಷಣದ ಬೆಲೆಯನ್ನು ಕೂಡಿಸುತ್ತಾ ಹೋಗಿ) ಬಿದ್ದ ಎತ್ತರವನ್ನು ಲೆಕ್ಕ ಹಾಕುವ ಆಸೆಯನ್ನೂ ಬಿಡಿ: ಸೆನ್ಸರಿನಲ್ಲಿ 0.05 ಮೀ/ಸೆ² ರಷ್ಟು ದೋಷವಿದ್ದರೂ 10 ಸೆಕೆಂಡಿನಲ್ಲಿ ಅದು 2.5 ಮೀಟರ್ ತಪ್ಪಾಗಿ ಬೆಳೆದಿರುತ್ತದೆ.

ಸ್ಕ್ರೀನ್ ಆಫ್ ಆದಾಗ ದಾಖಲೆ ನಿಲ್ಲುವುದಕ್ಕೆ ಕಾರಣವಿದೆ. 2018ರ ಆಂಡ್ರಾಯ್ಡ್ 9ರಿಂದ ಹಿನ್ನೆಲೆಯಲ್ಲಿರುವ ಆ್ಯಪ್‌ಗಳಿಗೆ ಆಕ್ಸೆಲೆರೋಮೀಟರಿನ ಓದುಗಳು ಬರುವುದಿಲ್ಲ. ನೋಟಿಫಿಕೇಶನ್ ತೋರಿಸುತ್ತಲೇ ಇರುವ ಫೋರ್‌ಗ್ರೌಂಡ್ ಸರ್ವಿಸ್ (ಆ್ಯಪ್ ತೆರೆದಿರದಿದ್ದರೂ ನಡೆಯುತ್ತಿರುವ ಭಾಗ) ಬೇಕು, ಪ್ರೊಸೆಸರ್ ನಿದ್ದೆಗೆ ಜಾರದಂತೆ ವೇಕ್ ಲಾಕ್ ಬೇಕು, ಇಲ್ಲವೇ ಆ ಫೋನಿನಲ್ಲಿ ವೇಕ್-ಅಪ್ ಬಗೆಯ (ನಿದ್ದೆಯಲ್ಲಿರುವ ಪ್ರೊಸೆಸರನ್ನು ತಾನೇ ಎಬ್ಬಿಸುವ) ಸೆನ್ಸರ್ ಇದೆಯೇ ಎಂದು ಕೇಳಿ ಅದನ್ನೇ ಬಳಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಫೋನುಗಳ ಬ್ಯಾಟರಿ ಉಳಿತಾಯದ ವ್ಯವಸ್ಥೆ ಸರ್ವಿಸನ್ನು ನಿಲ್ಲಿಸಿಬಿಡುತ್ತದೆ. ಅಜ್ಜಿಯ ಫೋನಿನ ಸೆಟ್ಟಿಂಗ್ಸಿನಲ್ಲಿ ನಿಮ್ಮ ಆ್ಯಪ್‌ಗೆ ವಿನಾಯಿತಿ ಕೊಡುವ ಕೆಲಸವನ್ನು ನೀವೇ ಕುಳಿತು ಮಾಡಬೇಕಾಗುತ್ತದೆ.

ಇದೆಲ್ಲಕ್ಕಿಂತ ಮುಂಚೆ ಒಂದು ಕೆಲಸ ಮಾಡಿ. ಎಚ್ಚರಿಕೆಯ ಭಾಗವನ್ನು ತೆಗೆದುಹಾಕಿ, ಓದುಗಳನ್ನು ಫೈಲಿಗೆ ಬರೆಯುವುದಷ್ಟನ್ನೇ ಮಾಡುವ ಆ್ಯಪನ್ನು ಹತ್ತು ದಿನ ಅಜ್ಜಿಯ ಬಳಿ ಬಿಡಿ. ನನ್ನ ತಾಯಿ ಫೋನನ್ನು ಎಲೆಅಡಿಕೆಯ ಸಂಚಿಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ನಾನು ಹೀಗೆ ಅವರ ಬಳಿ ಆ್ಯಪ್ ಬಿಟ್ಟ ಹತ್ತು ದಿನಗಳಲ್ಲಿ ದಾಖಲಾದ ಅತಿ ದೊಡ್ಡ ಕುಲುಕು ಯಾವುದೆಂದು ಹುಡುಕಿದರೆ, ಅವರು ಸಂಜೆ ಸಂಚಿಯನ್ನು ಬಿಚ್ಚಿ ಜಗಲಿಯ ಕಲ್ಲಿನ ಮೇಲೆ ಹಾಕುವ ಹೊತ್ತಿನದಾಗಿತ್ತು. ಕುಲುಕು, ಓರೆ, ನಿಶ್ಚಲತೆ ಮೂರೂ ಅಲ್ಲಿದ್ದವು. ಅವರ ದಿನಚರಿ ಗೊತ್ತಿಲ್ಲದಿದ್ದರೆ ನಾನು ಅದನ್ನು ಬಿದ್ದದ್ದೆಂದೇ ತಿಳಿಯುತ್ತಿದ್ದೆ.

ಉತ್ತರ 2

ನಾನು ಆ್ಯಪ್ ಮಾಡುವವಳಲ್ಲ. ನಮ್ಮ ಮಾವನವರಿಗಾಗಿ ಇಂಥದ್ದೊಂದನ್ನು ಒಂದು ವರ್ಷ ಬಳಸಿದ್ದೇವೆ. ಮೊದಲ ತಿಂಗಳಲ್ಲಿ ನಾಲ್ಕು ಸಲ ಸುಳ್ಳು ಕರೆ ಬಂತು, ನಾಲ್ಕು ಸಲವೂ ನಮ್ಮವರು ಕೆಲಸ ಬಿಟ್ಟು ಓಡಿದರು. ಐದನೆಯ ಸಲ ಯಾರೂ ಏಳಲಿಲ್ಲ. ಆದ್ದರಿಂದ ಸಂದೇಶ ಹೋಗುವ ಮುಂಚೆ ಅವರನ್ನೇ ಕೇಳುವ ಏರ್ಪಾಡು ಇರಲಿ, ಅದು ನಿಮ್ಮದೇ ದನಿಯಲ್ಲಿ, ಕನ್ನಡದಲ್ಲಿ ಕೇಳಲಿ: “ಅಜ್ಜಿ, ಬಿದ್ರಾ? ಏನೂ ಆಗಿಲ್ಲ ಅಂದ್ರೆ ಫೋನ್ ಮುಟ್ಟಿ.” ಸ್ಕ್ರೀನಿನ ಯಾವ ಮೂಲೆ ಮುಟ್ಟಿದರೂ ನಡೆಯುವಂತಿರಬೇಕು. ನಾವು ಬಳಸಿದ್ದರಲ್ಲಿ ಫೋನನ್ನು ಅಲ್ಲಾಡಿಸಿ ರದ್ದು ಮಾಡಬೇಕಿತ್ತು. ಮಾವನವರಿಗೆ ಕೈ ನಡುಕವಿದೆ. ಎಚ್ಚರಿಕೆ ಶುರುವಾದ ಕೂಡಲೇ ಅವರ ನಡುಕವೇ ಅದನ್ನು ರದ್ದು ಮಾಡಿಬಿಡುತ್ತಿತ್ತು. ಅಲ್ಲಾಡಿಸಿ ಮಾಡುವ ಕೆಲಸವನ್ನು ಬಟನ್ನಿನಿಂದಲೂ ಮಾಡಲು ಬರಬೇಕು, ಅಲ್ಲಾಡಿಸುವುದನ್ನು ಬೇಡವೆಂದು ಆಫ್ ಮಾಡಲೂ ಬರಬೇಕು ಎಂದು 2018ರ ಡಬ್ಲ್ಯುಸಿಎಜಿ 2.1 (ಅಂಗವಿಕಲರೂ ಬಳಸುವಂತೆ ವೆಬ್ ವಿಷಯವನ್ನು ರೂಪಿಸಲು ಇರುವ) ಮಾರ್ಗಸೂಚಿ ಹೇಳುತ್ತದೆ ಎಂಬುದನ್ನು ನನ್ನ ಮಗಳು ಆಮೇಲೆ ತೋರಿಸಿದಳು.

ಇನ್ನೊಂದು ಮಾತು. ನಮಗೆ ಅತಿ ಹೆಚ್ಚು ಭಯವಿದ್ದದ್ದು ಬಚ್ಚಲುಮನೆಯ ಬಗ್ಗೆ, ಆದರೆ ಸ್ನಾನಕ್ಕೆ ಫೋನ್ ತೆಗೆದುಕೊಂಡು ಹೋಗುವವರು ಯಾರು? ಕೊನೆಗೆ ಕೈಗೆ ಕಟ್ಟುವ ವಾಚಿಗೆ ಬದಲಾದೆವು. ಆಪಲ್ ವಾಚ್ ಸರಣಿ 4ರಲ್ಲಿ 2018ರಿಂದಲೇ ಈ ಸೌಲಭ್ಯ ಇದೆ; ಬೆಲೆ ನಮ್ಮಂಥವರಿಗೆ ಭಾರವೇ, ಆದರೂ ವಾಚ್ ಇರುವ ಜಾಗ ಮಣಿಕಟ್ಟು ಎಂಬುದಾದರೂ ಅದಕ್ಕೆ ಖಚಿತವಾಗಿ ಗೊತ್ತಿರುತ್ತದೆ.

ಉತ್ತರ 3

ಮಲೆನಾಡಿನಲ್ಲಿ ಡೇಟಾ ಸಿಗುವುದನ್ನು ನಂಬಿಕೊಂಡು ಕೂರಬೇಡಿ, ಸಂದೇಶವನ್ನು ಎಸ್ಸೆಮ್ಮೆಸ್ ಮೂಲಕವೇ ಕಳುಹಿಸಿ, ಹೋಗದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸುವಂತೆ ಬರೆಯಿರಿ.

ನಮ್ಮ ಮನೆಯಲ್ಲಿ ಇದಕ್ಕಿಂತ ಸುಲಭವಾದ ಇನ್ನೊಂದು ಉಪಾಯ ಚೆನ್ನಾಗಿ ನಡೆದಿದೆ. ಬಹಳಷ್ಟು ಫೋನುಗಳಲ್ಲಿ ಹೆಜ್ಜೆ ಎಣಿಸುವ ಪ್ರತ್ಯೇಕ ಸೆನ್ಸರ್ ಇದೆ, ಅದು ತಿನ್ನುವ ಬ್ಯಾಟರಿ ತೀರಾ ಕಡಿಮೆ. ಆಂಡ್ರಾಯ್ಡ್ 10ರಿಂದ ಅದಕ್ಕೆ ಬಳಕೆದಾರರ ಅನುಮತಿ ಕೇಳಬೇಕು, ಮತ್ತು ಫೋನ್ ಆಫ್ ಮಾಡಿ ಆನ್ ಮಾಡಿದರೆ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ ಎಂಬುದನ್ನು ನೆನಪಿಡಿ. ಬೆಳಿಗ್ಗೆ ಹತ್ತು ಗಂಟೆಯಾದರೂ ಎಣಿಕೆ ಏರದಿದ್ದರೆ ನನ್ನ ತಂಗಿಗೆ ಒಂದು ಸಂದೇಶ ಹೋಗುತ್ತದೆ. ಅಮ್ಮ ಫೋನನ್ನು ದೇವರ ಗೂಡಿನ ಪಕ್ಕ ಚಾರ್ಜಿಗೆ ಹಾಕಿ ಮರೆತಿರಬಹುದು, ಮಲಗಿಯೇ ಇರಬಹುದು; ಹೇಗಿದ್ದರೂ ತಂಗಿ ಪಕ್ಕದ ಮನೆಯವರಿಗೆ ಫೋನ್ ಮಾಡುತ್ತಾಳೆ, ಅವರು ಹೋಗಿ ಬಾಗಿಲು ತಟ್ಟಿ ನೋಡಿ ಬರುತ್ತಾರೆ.